ಅಜ್ಜನ ಟ್ರಂಕಿನಾಗ ಸಿಕ್ಕ ಸನದು – ಶಾ ವಲಿಯುಲ್ಲಾ ಮನೆತನದ ಬಗ್ಗೆ ಗೊತ್ತಿದ್ದೋರು ಹೇಳ್ರಿ

ಹಾವೇರಿ_ಏಲಕ್ಕಿ:
ಎಲ್ಲಾರಿಗೂ ನಮಸ್ಕಾರ, ಸಲಾಂ. ಹೋದ ವಾರ ನಮ್ಮ ಹಳೇ ಮನಿ ಮಾಳಿಗಿ ಇಳಸಾಕ ಹತ್ತಿದ್ವಿ, ಅವಾಗ ಅಜ್ಜನ ತಗಡಿನ ಟ್ರಂಕ್ ಸಿಕ್ತು. ಒಳಗ ಒಂದು ಕರೇ ಶೇರವಾನಿ, ಎರಡು ಕನ್ನಡಕ, ಖಾಲಿ ಅತ್ತರ್ ಬಾಟ್ಲಿ, ಆಮೇಲೆ ಮಲ್ ಬಟ್ಟಿಯೊಳಗ ಸುತ್ತಿಟ್ಟ ಒಂದು ದೊಡ್ಡ ಕಾಗದ. ಅರಬ್ಬಿ ಬರಹ, ಸುತ್ತ ಬಳ್ಳಿ ಚಿತ್ತಾರ, ಕೆಳಗ ಸೀಲು ಸಹಿ ಅದಾವು. ಅಜ್ಜ ದೇವಬಂದ್‌ನಾಗ ಓದಿದ್ರು ಅನ್ನೋದು ಮನ್ಯಾಗ ಎಲ್ಲಾರಿಗೂ ಗೊತ್ತು, ಆದ್ರ ಏನು ಓದಿದ್ರು ಯಾರ ಕಡೆ ಓದಿದ್ರು ಅಂತ ಯಾರೂ ಕೇಳಿಲ್ಲ. ನಾ ಹುಟ್ಟೋದ್ರೊಳಗ ಅವರು ತೀರಿಕೊಂಡಿದ್ರು.

ನನಗ ಅರಬ್ಬಿ ಅಕ್ಷರ ಓದಾಕ ಬರತೈತಿ, ಅರ್ಥ ಆಗಂಗಿಲ್ಲ. ಒಂದೊಂದ ಹೆಸರು ಹಿಡದೇನಿ: ಹುಸೇನ್ ಅಹ್ಮದ್, ಮಹಮೂದ್ ಹಸನ್, ಮುಹಮ್ಮದ್ ಖಾಸಿಂ, ಅಬ್ದುಲ್ ಗನಿ, ಮುಹಮ್ಮದ್ ಇಸ್ಹಾಕ್, ಅಬ್ದುಲ್ ಅಜೀಜ್, ಅದರ ಮುಂದ ವಲಿಯುಲ್ಲಾ. ಆಮೇಲೆ ಅಬೂ ತಾಹಿರ್ ಅಂತೇನೋ ಐತಿ, ಅಲ್ಲಿಂದ ಮುಂದ ಕಾಗದ ಮಡಿಕಿ ಬಿದ್ದು ಮಸಿ ಅಳಿಸೇತಿ. ಕೆಳಗ ಶಾಬಾನ್ 1374 ಅಂತ ತಾರೀಖು. ಈ ವಲಿಯುಲ್ಲಾ ಅಂದ್ರ ದಿಲ್ಲಿಯ ದೊಡ್ಡ ಪಂಡಿತ ಶಾ ವಲಿಯುಲ್ಲಾನ ಏನು? ನಮಗೂ ಅವರಿಗೂ ಏನಾರ ಸಂಬಂಧ ಬರತೈತೇನು? ನಮ್ಮ ಕಾಕಾ ಒಬ್ರು ಈಗಾಗ್ಲೇ "ನಾವು ಶಾ ಸಾಹೇಬರ ಖಾನ್ದಾನ್" ಅಂತ ಬೀಗರ ಮುಂದ ಹೇಳಾಕ ಶುರು ಮಾಡ್ಯಾರ, ಅದಕ್ಕ ಅರ್ಜೆಂಟ್ ಕೇಳಾಕತ್ತೇನಿ.

ಶಿವಾಜಿನಗರ_ಚಾಯ್:
ಮಾಶಾ ಅಲ್ಲಾ. ಮೊದ್ಲು ಫೋಟೋ ತೆಗ್ದಿಡಿ ಅಣ್ಣ, ಲ್ಯಾಮಿನೇಷನ್ ಮಾತ್ರ ಮಾಡಿಸ್ಬೇಡಿ.

ಕಾಗದಹುಳು:
ನಿಮ್ಮ ಕಾಕಾಗೆ ಸ್ವಲ್ಪ ತಡೀರಿ ಅಂತ ಹೇಳಿ. ಇದು ವಂಶಾವಳಿ ಅಲ್ಲ, ಹದೀಸಿನ (ಪ್ರವಾದಿಗಳ ಮಾತುಗಳ) ಸನದು. ಯಾರಿಂದ ಯಾರು ಪಾಠ ಕೇಳಿದ್ರು ಅನ್ನೋ ಸರಪಳಿ. ನೀವು ಬರೆದ ಕ್ರಮ ಸರಿಯಾಗಿದೆ, ಬಿಡಿಸಿ ಹೇಳ್ತೀನಿ.

ಶಾಬಾನ್ 1374 ಅಂದ್ರೆ 1955ರ ಮಾರ್ಚ್-ಏಪ್ರಿಲ್, ಅಲ್ಲಿ ಓದಿನ ವರ್ಷ ಮುಗಿಯೋ ಹೊತ್ತು. ಆಗ ದೇವಬಂದ್‌ನಲ್ಲಿ ಬುಖಾರಿ (ಇಮಾಂ ಬುಖಾರಿ ಮಾಡಿದ ಹದೀಸ್ ಸಂಗ್ರಹ) ಪಾಠ ಹೇಳ್ತಿದ್ದವರು ಮೌಲಾನಾ ಹುಸೇನ್ ಅಹ್ಮದ್ ಮದನಿ, 1927ರಿಂದ 1957ರಲ್ಲಿ ತೀರಿಕೊಳ್ಳೋವರೆಗೂ ಅದೇ ಪೀಠದಲ್ಲಿದ್ರು. ಅವರ ಗುರು ಮಹಮೂದ್ ಹಸನ್ (1851–1920), ಬ್ರಿಟಿಷರು ಮಾಲ್ಟಾ ದ್ವೀಪದಲ್ಲಿ ಸೆರೆ ಇಟ್ಟಿದ್ರಲ್ಲ ಅವ್ರೇ. ಗುರು ಮೇಲಿನ ಅಭಿಮಾನಕ್ಕೆ ಮದನಿಯವರೂ ಜೊತೇಲಿ ಸೆರೆಗೆ ಹೋದ್ರು. ಮಹಮೂದ್ ಹಸನ್ ಗುರು ಖಾಸಿಂ ನಾನೋತ್ವಿ, ದೇವಬಂದ್ ಮದ್ರಸಾ 1866ರಲ್ಲಿ ಶುರು ಮಾಡಿದವರಲ್ಲಿ ಮುಖ್ಯರು. ಅವರ ಹದೀಸ್ ಗುರು ಶಾ ಅಬ್ದುಲ್ ಗನಿ, ಅವರ ಗುರು ಶಾ ಮುಹಮ್ಮದ್ ಇಸ್ಹಾಕ್, ಅವರ ಗುರು ಶಾ ಅಬ್ದುಲ್ ಅಜೀಜ್, ಅವರ ಅಪ್ಪನೂ ಗುರುವೂ ಶಾ ವಲಿಯುಲ್ಲಾ ದೆಹ್ಲವಿ (1703–1762). ಅಬೂ ತಾಹಿರ್ ಅಂದ್ರೆ ಮದೀನಾದ ಅಬೂ ತಾಹಿರ್ ಕುರ್ದಿ, ವಲಿಯುಲ್ಲಾ ಹಜ್‌ಗೆ ಹೋದಾಗ ಅವರ ಹತ್ರ ಕೂತು ಬುಖಾರಿ ಓದಿದ್ರು. ಅಳಿಸಿರೋ ಜಾಗದಲ್ಲಿ ಅಲ್ಲಿಂದ ಇಮಾಂ ಬುಖಾರಿವರೆಗೂ ಹೆಸರುಗಳಿರ್ತವೆ.

ಅಂದ್ರೆ ವಲಿಯುಲ್ಲಾರನ್ನ ಒಂದನೇಯವರು ಅಂತ ಎಣಿಸಿದ್ರೆ ನಿಮ್ಮ ಅಜ್ಜ ಎಂಟನೇಯವರು. ರಕ್ತ ಸಂಬಂಧ ಅಲ್ಲ, ಆದ್ರೂ ಇದು ಸಣ್ಣ ವಿಷಯ ಅಲ್ಲ.

ಮೂರನೇಬೆಂಚು:
ಶಾ ಅಬ್ದುಲ್ ಗನಿ ವಲಿಯುಲ್ಲಾ ಅವರ ಕೊನೇ ಮಗ ಅಲ್ವಾ? ಹಂಗಾದ್ರೆ ಸರಪಳಿ ತಲೆಕೆಳಗಾಯ್ತಲ್ಲ, ಮಗ ಕೆಳಗೆ ಮರಿಮೊಮ್ಮಗ ಮೇಲೆ?

ಕಾಗದಹುಳು:
ಇಬ್ರು ಅಬ್ದುಲ್ ಗನಿ ಇದ್ದಾರೆ, ಎಲ್ರೂ ಇಲ್ಲೇ ಎಡವೋದು. ವಲಿಯುಲ್ಲಾ ಮಗ ಅಬ್ದುಲ್ ಗನಿ ಬೇಗ ತೀರಿಕೊಂಡ್ರು. ಸನದಿನಲ್ಲಿರೋರು ಶಾ ಅಬ್ದುಲ್ ಗನಿ ಮುಜದ್ದಿದಿ, ಬೇರೆ ಮನೆತನ, ಸರ್ಹಿಂದದ ಶೇಖ್ ಅಹ್ಮದ್ ಸರ್ಹಿಂದಿ ವಂಶದವರು. 1857ರ ದಂಗೆ ಆದ್ಮೇಲೆ ದಿಲ್ಲಿ ಬಿಟ್ಟು ಮದೀನಾಕ್ಕೆ ಹೋಗಿ ಅಲ್ಲೇ ಉಳಿದ್ರು, 1878ರಲ್ಲಿ ಅಲ್ಲೇ ತೀರಿಕೊಂಡ್ರು.

ಮೂರನೇಬೆಂಚು:
ಓ ಸರಿ ಸರಿ, ನಂದೇ ತಪ್ಪು. ಇಷ್ಟು ವರ್ಷ ಹಂಗೇ ಅನ್ಕೊಂಡಿದ್ದೆ.

ಕಲ್ಬುರ್ಗಿ_ತೊಗರಿ:
ನಮ್ ಕಡಿ ಖಾನ್ದಾನ್ ಅಂದ್ರ ಬೇರೇನೇ ಅದ. ಬಂದೇನವಾಜ್ ದರ್ಗಾದಾಗ ಸಜ್ಜಾದಾ ನಶೀನ್, ಅಂದ್ರ ಪೀಠದಾಗ ಕೂಡೋರು, ವಂಶದವರೇ ಆಗಬೇಕು, 1422ರಾಗ ಹಜ್ರತ್ ತೀರಿಕೊಂಡಾಗಿಂದ ಹಂಗೇ ಬಂದದ. ಅದಕ್ಕ ನಿಮ್ ಕಾಕಾಗ ಹಂಗ ಅನಿಸ್ಯದ. ಮದ್ರಸಾ ಸನದಿನಾಗ ಹಂಗಿಲ್ಲ, ಬಡವರ ಮಗ ಓದಿದ್ರ ಅವನ ಹೆಸರೂ ಸೇರ್ತದ. ಎರಡೂ ಬೇಕು ಅನ್ರಿ, ಆದ್ರ ಎರಡೂ ಒಂದೇ ಅಲ್ಲ.

ದೋಹಾದಿಂದ:
ಮಕ್ಕಳ ವಿಷಯ ಯಾರಾದ್ರೂ ಪೂರ್ತಿ ಬರೀರಿ. ನನಗೆ ಗೊತ್ತಿರೋದು ಅಬ್ದುಲ್ ಅಜೀಜ್ ಒಬ್ರೇ.

ಕಾಗದಹುಳು:
ಬರೀತೀನಿ, ಉದ್ದ ಆಗುತ್ತೆ.

ವಲಿಯುಲ್ಲಾ ಅಪ್ಪ ಶಾ ಅಬ್ದುರ್ರಹೀಂ. ಔರಂಗಜೇಬ ಫತಾವಾ ಆಲಂಗೀರಿ ಅನ್ನೋ ಇಸ್ಲಾಮಿ ಕಾನೂನು ಗ್ರಂಥ ಮಾಡಿಸಿದಾಗ ಸ್ವಲ್ಪ ದಿನ ಅದರಲ್ಲಿ ಕೆಲಸ ಮಾಡಿ ಬಿಟ್ಟು ಬಂದವರು. ದಿಲ್ಲಿಯಲ್ಲಿ ಅವರು ಕಟ್ಟಿದ ಪಾಠಶಾಲೆಗೆ ಮದ್ರಸಾ ರಹೀಮಿಯಾ ಅಂತ ಹೆಸರು. 1719ರಲ್ಲಿ ಅವರು ಹೋದಾಗ ವಲಿಯುಲ್ಲಾಗೆ ಹದಿನಾರು ತುಂಬಿತ್ತು ಅಷ್ಟೇ, ಆ ವಯಸ್ಸಿಗೇ ಪಾಠ ಹೇಳೋಕೆ ಕೂತ್ರು. ಆಗ್ಲೇ ಮದುವೆನೂ ಆಗಿತ್ತು. ಮೊದಲ ಹೆಂಡತಿಯಿಂದ ಮುಹಮ್ಮದ್ ಅಂತ ಒಬ್ಬ ಮಗ. ಎರಡನೇ ಹೆಂಡತಿಯಿಂದ ನಾಲ್ಕು ಜನ: ಅಬ್ದುಲ್ ಅಜೀಜ್, ರಫೀವುದ್ದೀನ್, ಅಬ್ದುಲ್ ಖಾದಿರ್, ಅಬ್ದುಲ್ ಗನಿ. ಅಪ್ಪ ಸತ್ತಾಗ ಅಬ್ದುಲ್ ಅಜೀಜ್‌ಗೂ ಹದಿನಾರರ ಆಸುಪಾಸು. ಒಂದೇ ಮನೇಲಿ ಎರಡು ತಲೆಮಾರು ಅದೇ ವಯಸ್ಸಲ್ಲಿ ಅಪ್ಪನ್ನ ಕಳ್ಕೊಂಡು ಅದೇ ಜಾಗದಲ್ಲಿ ಪಾಠಕ್ಕೆ ಕೂತ್ರು ನೋಡಿ.

ಅಪ್ಪ ಕುರಾನನ್ನ ಪಾರ್ಸಿಗೆ ತಂದ್ರು, ಯಾಕಂದ್ರೆ ಆಗ ಓದಿದವರ ಭಾಷೆ ಪಾರ್ಸಿ. ಮಕ್ಕಳ ಕಾಲಕ್ಕೆ ದಿಲ್ಲಿ ಬೀದಿ ಭಾಷೆ ಉರ್ದು ಆಗಿತ್ತು, ರಫೀವುದ್ದೀನ್ ಪದಕ್ಕೆ ಪದ ಇಟ್ಟು ಉರ್ದು ಮಾಡಿದ್ರು, ಅಬ್ದುಲ್ ಖಾದಿರ್ ಜನ ಮಾತಾಡೋ ಉರ್ದುವಿನಲ್ಲಿ ಮಾಡಿದ್ರು. ಅಬ್ದುಲ್ ಖಾದಿರ್ ಅನುವಾದದ ಹೆಸರು ಮೂಝಿಹೆ ಕುರಾನ್. ಆ ಹೆಸರಲ್ಲೇ ವರ್ಷ ಅಡಗಿದೆ, ನಮ್ಮ ಕಟಪಯಾದಿ ಥರ ಅವರಲ್ಲಿ ಅಬ್ಜದ್ ಅಂತ ಲೆಕ್ಕ ಇದೆ, ಅಕ್ಷರಕ್ಕೊಂದು ಅಂಕಿ ಇಟ್ಟು ಕೂಡೋದು. ಮೂಝಿಹ್ ಅಕ್ಷರ ಕೂಡಿದ್ರೆ 854, ಕುರಾನ್ ಅಂದ್ರೆ 351, ಒಟ್ಟು 1205 ಹಿಜರಿ, ಅಂದ್ರೆ 1790ರ ಸುಮಾರು.

ಅಬ್ದುಲ್ ಅಜೀಜ್‌ಗೂ ಹಂಗೇ ಇನ್ನೊಂದು ಹೆಸರಿತ್ತು, ಗುಲಾಂ ಹಲೀಂ, ಕೂಡಿದ್ರೆ 1159, ಅದು ಅವರು ಹುಟ್ಟಿದ ಹಿಜರಿ ವರ್ಷ, ನಮ್ಮ ಲೆಕ್ಕದಲ್ಲಿ 1746.

ನನ್ನ ಮನಸ್ಸಲ್ಲಿ ಉಳಿದಿರೋದು ಇನ್ನೊಂದು. ನಾಲ್ಕು ಜನ ಅಣ್ಣತಮ್ಮಂದಿರು ಹುಟ್ಟಿದ ಕ್ರಮದ ಉಲ್ಟಾ ಕ್ರಮದಲ್ಲಿ ಹೋದ್ರು. ಮೊದ್ಲು ಕಿರಿಯ ಅಬ್ದುಲ್ ಗನಿ, ಆಮೇಲೆ 1814ರಲ್ಲಿ ಅಬ್ದುಲ್ ಖಾದಿರ್, 1818ರಲ್ಲಿ ರಫೀವುದ್ದೀನ್, 1824ರಲ್ಲಿ ಎಲ್ಲರಿಗಿಂತ ಹಿರಿಯ ಅಬ್ದುಲ್ ಅಜೀಜ್. ಅಷ್ಟೊತ್ತಿಗೆ ಅವರಿಗೆ ಕಣ್ಣು ಹೋಗಿ ಎಷ್ಟೋ ವರ್ಷ ಆಗಿತ್ತು. ತಾನೇ ಓದಿಸಿ ಬೆಳೆಸಿದ ಮೂರು ತಮ್ಮಂದಿರನ್ನ ಮಣ್ಣಿಗೆ ಕೊಟ್ಟು, ಕಣ್ಣು ಕಾಣದೆ, ಪಾಠ ಮಾತ್ರ ಬಿಡಲಿಲ್ಲ ಆ ಮನುಷ್ಯ.

ಶಿವಾಜಿನಗರ_ಚಾಯ್:
ನಮ್ಮ ಅಮ್ಮೀ ಕುರಾನ್‌ನಲ್ಲಿ ಅರಬ್ಬಿ ಸಾಲಿನ ಕೆಳಗೆ ಎರಡು ಉರ್ದು ತರ್ಜುಮೆ ಇರ್ತಿತ್ತು, ಒಂದರ ಮೇಲೆ ಶಾ ರಫೀವುದ್ದೀನ್ ಅಂತ ಹೆಸರು. ದಿನಾ ನೋಡ್ತಿದ್ದೆ, ಯಾರು ಅಂತ ಇವತ್ತು ಗೊತ್ತಾಯ್ತು. ಆ ಉರ್ದು ಓದೋಕೆ ತುಂಬಾ ಕಷ್ಟ, ಪದಗಳು ಅರಬ್ಬಿ ಕ್ರಮದಲ್ಲೇ ಬರ್ತವೆ, ಈಗ ಕಾರಣ ತಿಳೀತು.

ಇತಿಹಾಸಪ್ರಿಯ:
ಎಲ್ಲಾ ಸರಿ, ಆದ್ರೆ ಅಹ್ಮದ್ ಶಾ ಅಬ್ದಾಲಿಯನ್ನ ಹಿಂದೂಸ್ತಾನಕ್ಕೆ ಕರೆದವರು ಇದೇ ವಲಿಯುಲ್ಲಾ ಅಲ್ವಾ? ಮರಾಠರ ಮೇಲೆ, ಜಾಟರ ಮೇಲೆ ದಂಡೆತ್ತಿ ಬಾ ಅಂತ ಪತ್ರ ಬರೆದಿದ್ದಾರೆ. 1761ರ ಪಾಣಿಪತ್‌ನಲ್ಲಿ ಎಷ್ಟು ಜನ ಸತ್ರು. ಅದನ್ನ ಹೇಳದೆ ಬರೀ ಪಾಂಡಿತ್ಯ ಹೊಗಳೋದು ನನಗೆ ಸರಿ ಕಾಣಲ್ಲ.

ಕಾಗದಹುಳು:
ಹೇಳ್ಬೇಕಾದ ಮಾತೇ, ಮುಚ್ಚಿಡಲ್ಲ. ಅವರ ರಾಜಕೀಯ ಪತ್ರಗಳನ್ನ ಖಲೀಕ್ ಅಹ್ಮದ್ ನಿಜಾಮಿ 1950ರಲ್ಲಿ ಅಲಿಗಢದಿಂದ ಪ್ರಕಟಿಸಿದ್ರು, ಅದರಲ್ಲಿ ಅಬ್ದಾಲಿಗೆ ಬರೆದದ್ದು ಅಂತ ಒಂದು ಪತ್ರ ಇದೆ, ಭಾಷೆ ಕಟುವಾಗಿದೆ. ಅದನ್ನ ಮೆತ್ತಗೆ ಮಾಡಿ ಹೇಳೋಕೆ ಆಗಲ್ಲ. ಆದ್ರೆ ಅಬ್ದಾಲಿ ಬಂದದ್ದು ಒಬ್ಬ ಮೌಲ್ವಿ ಪತ್ರ ನೋಡಿ ಅಂದ್ರೆ ಅದೂ ಅತಿ. ಅವನು ಅದಕ್ಕೂ ಮುಂಚೆನೇ ಸಲ ಸಲ ಬಂದು ದಿಲ್ಲಿ ಲೂಟಿ ಮಾಡಿದ್ದ, ರೋಹಿಲಾ ನಜೀಬುದ್ದೌಲ ಅವನ ಕಡೆ ಸೈನ್ಯ ಸಮೇತ ನಿಂತಿದ್ದ, ಪಂಜಾಬಿನ ಕಂದಾಯದ ಪ್ರಶ್ನೆ ಇತ್ತು. ವಲಿಯುಲ್ಲಾ ಕೈಲಿ ಸೈನ್ಯನೂ ಇರ್ಲಿಲ್ಲ ದುಡ್ಡೂ ಇರ್ಲಿಲ್ಲ. ಆ ಪತ್ರಕ್ಕೆ ಎಷ್ಟು ತೂಕ ಕೊಡ್ಬೇಕು ಅಂತ ಇತಿಹಾಸಕಾರರೇ ಇನ್ನೂ ಜಗಳ ಆಡ್ತಾರೆ.

ಇತಿಹಾಸಪ್ರಿಯ:
ತೂಕ ಎಷ್ಟೇ ಇರ್ಲಿ, ಬರೆದ ಮನಸ್ಸು ಬರೆದ ಮನಸ್ಸೇ. ಆದ್ರೆ ನೀವು ಪತ್ರ ಇದೆ ಅಂತ ನೇರವಾಗಿ ಒಪ್ಪಿದ್ದು ಒಳ್ಳೇದು, ಎಷ್ಟೋ ಕಡೆ ಅದನ್ನೂ ಒಪ್ಪಲ್ಲ.

ನಿರ್ವಾಹಕರು:
ಪಾಣಿಪತ್ ಬಗ್ಗೆ ಬೇರೆ ಎಳೆ ಇದೆ, ಯುದ್ಧದ ಮಾತು ಅಲ್ಲಿ ಮುಂದುವರಿಸಿ ದಯವಿಟ್ಟು. ಇಲ್ಲಿ ಮನೆತನ, ಶಿಷ್ಯರ ವಿಷಯ ಇರಲಿ.

ತೆಂಕಣಗಾಳಿ:
ನಮ್ಮ ಕರಾವಳಿಯಲ್ಲಿ ಈ ದಿಲ್ಲಿ ಸನದು ಅಷ್ಟು ಕೇಳಿದ್ದಿಲ್ಲ ಮಾರಾಯ್ರೆ. ನಾವು ಬ್ಯಾರಿಗಳು ಶಾಫಿ ಮದ್‌ಹಬ್ (ಧರ್ಮಶಾಸ್ತ್ರದ ಒಂದು ಪಂಥ), ನಮ್ಮ ಉಸ್ತಾದರ ಉಸ್ತಾದರೆಲ್ಲ ಕೇರಳದ ಪೊನ್ನಾನಿ ಕಡೆ ಹೋಗಿ ಓದಿದವರು, ಮಖ್ದೂಂ ಮನೆತನದ ಹೆಸರು ಅಲ್ಲಿ ದೊಡ್ಡದು. ದರ್ಸ್ ಅಂದ್ರೆ ಪಳ್ಳಿಯಲ್ಲೇ ಮಲಗಿ, ಊರವರ ಮನೆಯಲ್ಲಿ ಪಾಳಿ ಪ್ರಕಾರ ಊಟ ಮಾಡಿ ಓದುವುದು. ನಮ್ಮ ಮನೆಗೂ ಒಬ್ಬ ಮುತಅಲ್ಲಿಂ, ಅಂದ್ರೆ ಓದುವ ಹುಡುಗ, ರಾತ್ರಿ ಊಟಕ್ಕೆ ಬರ್ತಿದ್ದ, ಮಳೆಗಾಲದಲ್ಲಿ ಟಾರ್ಚ್ ಹಿಡ್ಕೊಂಡು. ಅವನು ಬರದೆ ನಮಗೆ ಮಕ್ಕಳಿಗೆ ಊಟ ಬಡಿಸ್ತಿರಲಿಲ್ಲ ಅಮ್ಮ. ಆಮೇಲೆ ವೇಲೂರಿನ ಬಾಖಿಯಾತ್ ಮದ್ರಸಾಕ್ಕೆ ಹೋಗಿ ಮುಗಿಸಿದವರು ಜಾಸ್ತಿ.

ಮತ್ತೆ ಒಂದು ಮಾತು, ಉತ್ತರ ಭಾರತದ್ದೇ ಎಲ್ಲ ಅನ್ನುವ ಹಾಗೆ ಬರೀಬೇಡಿ.

ಕಾಗದಹುಳು:
ಒಪ್ಪಿದೆ, ಪೊನ್ನಾನಿದು ವಲಿಯುಲ್ಲಾಗಿಂತ ಇನ್ನೂರು ವರ್ಷ ಹಳೇದು. ನಾನು ಇವರ ಕಾಗದದಲ್ಲಿರೋದನ್ನ ಬಿಡಿಸ್ತಾ ಇದ್ದೆ ಅಷ್ಟೇ.

ತೆಂಕಣಗಾಳಿ:
ಆಯ್ತು ಆಯ್ತು, ಕೋಪ ಇಲ್ಲ. ಭಟ್ಕಳದವರು ನಮ್ಮ ಹಾಗೇ ಶಾಫಿ, ಆದ್ರೂ ಅಲ್ಲಿ ಲಕ್ನೋದ ನದ್ವಾ ಮದ್ರಸಾದ ಸಂಬಂಧ ಗಟ್ಟಿ ಉಂಟು. ನೇರ ಗೆರೆ ಎಳೆಯಲಿಕ್ಕೆ ಆಗುವುದಿಲ್ಲ.

ತಂಬೂರಿ:
ವಿಷಯಕ್ಕೆ ಸ್ವಲ್ಪ ಹೊರಗಿನವಳು ನಾನು, ಆದ್ರೂ ಬರೀಬೇಕು ಅನ್ನಿಸ್ತು. ಇದು ನಮ್ಮ ಸಂಗೀತದ ಘರಾನಾ ಥರಾನೇ ಇದೆಯಲ್ಲ! ಕಿರಾಣಾ ಘರಾನಾ ತಗೊಳ್ಳಿ. ಅಬ್ದುಲ್ ಕರೀಂ ಖಾನರಿಗೆ ಮಕ್ಕಳಿದ್ರು, ಹೀರಾಬಾಯಿ ಬಡೋದೇಕರ್, ಸುರೇಶಬಾಬು ಮಾನೆ, ಎಲ್ಲರೂ ದೊಡ್ಡ ಗಾಯಕರೇ. ಆದ್ರೆ ಆ ಹಾಡಿಕೆ ನಮ್ಮ ನೆಲದಲ್ಲಿ ಬೇರು ಬಿಟ್ಟದ್ದು ಕುಂದಗೋಳದ ಸವಾಯಿ ಗಂಧರ್ವರಿಂದ, ಅವರಿಂದ ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ. ರಕ್ತ ಎಲ್ಲಿ, ಜಾತಿ ಎಲ್ಲಿ, ಭಾಷೆ ಎಲ್ಲಿ. ಭೀಮಸೇನರು ಹಾಡಿದ್ರೆ ಕರೀಂ ಖಾನರ ಷಡ್ಜ ಕೇಳ್ಸುತ್ತೆ ಅಂತ ನಮ್ಮ ಗುರುಗಳು ಹೇಳ್ತಿದ್ರು.

ಕಾಗದಹುಳು:
ನೀವು ಹೊರಗಿನವರಲ್ಲ ಮೇಡಂ, ಜಾಗಾನೂ ಹತ್ರದ್ದೇ. ಕಿರಾಣಾ ಅನ್ನೋದು ಕೈರಾನಾ ಊರು, ಈಗ ಶಾಮ್ಲಿ ಜಿಲ್ಲೆ, ಮೊದಲು ಮುಜಫ್ಫರನಗರ ಜಿಲ್ಲೇಲಿತ್ತು. ಶಾ ವಲಿಯುಲ್ಲಾ ಹುಟ್ಟಿದ್ದು ತಾಯಿ ತವರು ಫುಲತ್‌ನಲ್ಲಿ, ಅದೂ ಮುಜಫ್ಫರನಗರ ಜಿಲ್ಲೆ. ಕಬ್ಬಿನ ಗದ್ದೆಗಳ ಅದೇ ಸೀಮೆಯಿಂದ ಒಂದು ಸನದು ಹಾವೇರಿಗೆ ಬಂತು, ಇನ್ನೊಂದು ಕುಂದಗೋಳಕ್ಕೆ.

ಹಾವೇರಿ_ಏಲಕ್ಕಿ:
ಕುಂದಗೋಳ ನಮ್ಮಿಂದ ಭಾಳ ದೂರೇನಿಲ್ಲ. ಮೈ ಜುಂ ಅಂತು ಓದಿ. ಎಲ್ಲಾರಿಗೂ ಶುಕ್ರಿಯಾ. ಒಂದು ಪ್ರಶ್ನೆ, ಇಸ್ಹಾಕ್ ಅನ್ನೋರು ಅಬ್ದುಲ್ ಅಜೀಜ್ ಮಗಾನ?

ಕಾಗದಹುಳು:
ಅಲ್ಲ, ಮಗಳ ಮಗ. ಅಬ್ದುಲ್ ಅಜೀಜ್‌ಗೆ ಅವರ ಹಿಂದೆ ಉಳಿದ ಗಂಡುಮಕ್ಕಳು ಇರ್ಲಿಲ್ಲ. ಹೆಣ್ಣುಮಕ್ಕಳು ಇದ್ರು. ಒಬ್ಬ ಮಗಳ ಮಕ್ಕಳು ಮುಹಮ್ಮದ್ ಇಸ್ಹಾಕ್, ಮುಹಮ್ಮದ್ ಯಾಕೂಬ್. ತಾತ ಇಸ್ಹಾಕ್‌ನ ತನ್ನ ಜಾಗದಲ್ಲಿ ಕೂರಿಸಿ ಹೋದ್ರು. ಇಸ್ಹಾಕ್ 1840ರ ದಶಕದ ಮೊದಲಲ್ಲಿ ದಿಲ್ಲಿ ಬಿಟ್ಟು ತಮ್ಮನ ಜೊತೆ ಮಕ್ಕಾಕ್ಕೆ ಹೋದ್ರು, 1846ರಲ್ಲಿ ಅಲ್ಲೇ ತೀರಿಕೊಂಡ್ರು. ಅಲ್ಲಿಗೆ ದಿಲ್ಲಿ ಮನೇಲಿ ದೀಪ ಹಚ್ಚೋರು ಕಮ್ಮಿ ಆದ್ರು.

ಇವತ್ತು ಈ ದೇಶದಲ್ಲಿ ಎಷ್ಟು ಸನದುಗಳಲ್ಲಿ ಅಬ್ದುಲ್ ಅಜೀಜ್ ಆದ್ಮೇಲೆ ಇಸ್ಹಾಕ್ ಅಂತ ಬರುತ್ತೋ ಅಷ್ಟರಲ್ಲೂ ನಡುವೆ ಒಬ್ಬ ಹೆಣ್ಣುಮಗಳಿದ್ದಾಳೆ. ಕಾಗದದಲ್ಲಿ ಅವಳ ಹೆಸರಿಲ್ಲ.

ತಂಬೂರಿ:
ಇದನ್ನ ಓದಿ ಸುಮ್ಮನೆ ಕೂತ್ಬಿಟ್ಟೆ. ಹೀರಾಬಾಯಿ ತಾಯಿ ತಾರಾಬಾಯಿನೂ ಹಾಡ್ತಿದ್ರು, ಅವರ ಹಾಡಿಕೆ ಬಗ್ಗೆ ಯಾರು ಮಾತಾಡ್ತಾರೆ.

ದೋಹಾದಿಂದ:
ಬಾಲಾಕೋಟ್ ಶಾ ಇಸ್ಮಾಯಿಲ್ ಇದೇ ಮನೆಯವರಾ?

ಮೂರನೇಬೆಂಚು:
ಹೌದು, ಇದು ನನಗೆ ಪಕ್ಕಾ ಗೊತ್ತು. ಬೇಗ ತೀರಿಕೊಂಡ ಅಬ್ದುಲ್ ಗನಿ ಇದ್ರಲ್ಲ, ಅವರ ಮಗ, 1779ರಲ್ಲಿ ಹುಟ್ಟಿದ್ದು, ದೊಡ್ಡಪ್ಪಂದಿರು ಬೆಳೆಸಿದ್ರು. ತಖ್ವಿಯತುಲ್ ಈಮಾನ್ ಬರೆದ್ರು. ರಾಯ್‌ಬರೇಲಿ ಸೈಯದ್ ಅಹ್ಮದ್ ಜೊತೆ ಸೇರಿ ಸಿಖ್ಖರ ಮೇಲೆ ಯುದ್ಧಕ್ಕೆ ಹೋಗಿ 1831ರ ಮೇ 6ಕ್ಕೆ ಇಬ್ರೂ ಬಾಲಾಕೋಟ್‌ನಲ್ಲಿ ಸತ್ರು.

ಆ ಪುಸ್ತಕದಿಂದಲೇ ಜಗಳ ಶುರು. ದರ್ಗಾ, ಫಾತಿಹಾ, ಉರುಸ್ ಎಲ್ಲಾದ್ರ ಮೇಲೂ ಅದರಲ್ಲಿ ಕಟುವಾಗಿ ಬರ್ದಿದ್ದಾರೆ. ನಮ್ಮೂರಲ್ಲಿ ಒಂದೇ ಮಸೀದಿ ಇತ್ತು, ನಾನು ಏಳನೇ ಕ್ಲಾಸಲ್ಲಿದ್ದಾಗ ಎರಡಾಯ್ತು. ನಮ್ಮಪ್ಪ ಒಂದಕ್ಕೆ, ನಮ್ಮ ಚಿಕ್ಕಪ್ಪ ಇನ್ನೊಂದಕ್ಕೆ. ಈದ್ ದಿನ ಇಬ್ರೂ ಒಂದೇ ಮನೇಲಿ ಬಟ್ಟೆ ಹಾಕ್ಕೊಂಡು ಬೇರೆ ಬೇರೆ ದಿಕ್ಕಿಗೆ ನಡ್ಕೊಂಡು ಹೋಗ್ತಿದ್ರು. ಅಜ್ಜಿ ಬಾಗಿಲಲ್ಲಿ ನಿಂತು ಇಬ್ರ ಬೆನ್ನೂ ನೋಡ್ತಿದ್ಲು.

ಕಲ್ಬುರ್ಗಿ_ತೊಗರಿ:
ನೋಡ್ರಿ, ನಾನು ಉರುಸ್‌ಗೆ ಹೋಗೋನು, ಇಸ್ಮಾಯಿಲ್ ಸಾಹೇಬರು ಬರ್ದದ್ದು ನಾ ಒಪ್ಪಂಗಿಲ್ಲ. ಮುಗೀತು. ಆದ್ರ ಒಂದ್ ಮಾತು ಹೇಳ್ತೀನಿ, ಇಸ್ಮಾಯಿಲ್ ಅವರನ್ನ ಎದುರು ಹಾಕ್ಕೊಂಡು ಬರ್ದವರಲ್ಲಿ ದೊಡ್ಡವರು ಯಾರು? ಫಜ್ಲೆ ಹಕ್ ಖೈರಾಬಾದಿ. ಅವರು ಹದೀಸ್ ಓದಿದ್ದು ಎಲ್ಲಿ? ಇದೇ ವಲಿಯುಲ್ಲಾ ಮಕ್ಕಳ ಹತ್ರ! ಬರೇಲ್ವಿ ಪಂಗಡದ ಹಿರಿಯರು ಬರೇಲಿ ಅಹ್ಮದ್ ರಜಾ ಖಾನರ ಪೀರ್ (ಗುರು) ಮಾರಹ್ರಾದ ಆಲೆ ರಸೂಲ್, ಅವರೂ ಶಾ ಅಬ್ದುಲ್ ಅಜೀಜರ ಶಿಷ್ಯರು. ಹಂಗಾದ್ರ ಈ ಶಾ ಸಾಹೇಬರು ನಮಗೂ ಬರ್ತಾರ, ಅವರಿಗೂ ಬರ್ತಾರ.

ದೋಹಾದಿಂದ:
ಅಹ್ಲೆ ಹದೀಸ್ ಪಂಗಡದವರದ್ದೂ ಸೇರ್ಸಿ. ಮಿಯಾ ನಜೀರ್ ಹುಸೇನ್ ದೆಹ್ಲವಿ (1805–1902) ಶಾ ಇಸ್ಹಾಕರ ಶಿಷ್ಯ. ಇಲ್ಲಿ ನಮ್ಮ ರೂಮಲ್ಲಿ ನಾಲ್ಕು ಜನ ಇದ್ದೀವಿ, ಒಬ್ಬ ದೇವಬಂದಿ, ಒಬ್ಬ ಬರೇಲ್ವಿ, ಒಬ್ಬ ಅಹ್ಲೆ ಹದೀಸ್, ನಾನು ಎಲ್ಲೂ ಇಲ್ಲ. ಇವತ್ತು ರಾತ್ರಿ ಈ ಎಳೆ ಮೂವರಿಗೂ ಓದಿ ಹೇಳಿದೆ. ಮೂವರೂ "ಶಾ ಸಾಹೇಬ್ ನಮ್ಮವರು" ಅಂತಿದ್ದಾರೆ. ಅನ್ನ ತಣ್ಣಗಾಯ್ತು, ಮಾತು ಮುಗೀಲಿಲ್ಲ.

ಶಿವಾಜಿನಗರ_ಚಾಯ್:
ಫಜ್ಲೆ ಹಕ್ ಖೈರಾಬಾದಿ ಅಂದ್ರೆ ಜಾವೇದ್ ಅಖ್ತರ್ ಪೂರ್ವಜರು ಅಂತಾರಲ್ಲ, ಅವರೇನಾ?

ಮೂರನೇಬೆಂಚು:
ಅವರೇ. ಬ್ರಿಟಿಷರು ಅಂಡಮಾನ್‌ಗೆ ಕಳ್ಸಿದ್ರು, 1861ರಲ್ಲಿ ಅಲ್ಲೇ ತೀರಿಕೊಂಡ್ರು. ಅವರ ಮಗಳ ಮಗ ಮುಜ್ತರ್ ಖೈರಾಬಾದಿ ಕವಿ, ಮುಜ್ತರ್ ಮಗ ಜಾಂ ನಿಸಾರ್ ಅಖ್ತರ್, ಅವರ ಮಗ ಜಾವೇದ್.

ತಂಬೂರಿ:
ಮತ್ತೆ ಮಗಳ ಮಗ!

ಇತಿಹಾಸಪ್ರಿಯ:
ಅಬ್ದುಲ್ ಅಜೀಜ್ ಅವರ ದಾರುಲ್ ಹರ್ಬ್ (ಮುಸ್ಲಿಂ ಆಳ್ವಿಕೆ ಇಲ್ಲದ ನಾಡು) ಫತ್ವಾ ಬಗ್ಗೆ ಯಾರೂ ಬರೀಲಿಲ್ಲ. 1803ರಲ್ಲಿ ಲಾರ್ಡ್ ಲೇಕ್ ದಿಲ್ಲಿ ಹಿಡಿದ ಮೇಲೆ ಬಂದದ್ದು ಅಂತ ಓದಿದ್ದೆ.

ಕಾಗದಹುಳು:
ಹೌದು, ದಿಲ್ಲಿಯಿಂದ ಕಲ್ಕತ್ತಾದವರೆಗೂ ಕ್ರೈಸ್ತರ ಹುಕುಂ ನಡೀತಿದೆ ಅಂತ ಬರೆದ್ರು. ಅದನ್ನ ಯುದ್ಧದ ಕರೆ ಅಂತ ಓದೋರಿದ್ದಾರೆ. ಆದ್ರೆ ಅವರೇ ಇಂಗ್ಲಿಷ್ ಕಲಿಯೋದು ತಪ್ಪಲ್ಲ ಅಂದ್ರು, ಕಂಪನಿ ನೌಕರಿ ಬಗ್ಗೆ ಕೇಳಿದ್ರೆ ಕೆಲಸ ನೋಡಿ ಉತ್ತರ ಕೊಟ್ರು. ಶಿಷ್ಯ ಮುಫ್ತಿ ಸದ್ರುದ್ದೀನ್ ಆಜುರ್ದಾ ಕಂಪನಿ ಕೆಳಗೇ ನ್ಯಾಯಾಧೀಶರಾಗಿದ್ರು, ಗಾಲಿಬ್ ಗೆಳೆಯ. ಒಂದೇ ಸಾಲು ಹಿಡ್ಕೊಂಡು ಆ ಮನುಷ್ಯನ್ನ ಅಳೆಯೋಕಾಗಲ್ಲ.

ಮದ್ರಸಾ ಇದ್ದ ಕೂಚಾ ಚೇಲಾಂ ಮೊಹಲ್ಲಾ 1857ರಲ್ಲಿ ಹಾಳಾಯ್ತು. ಬ್ರಿಟಿಷ್ ಸಿಪಾಯಿಗಳು ಆ ಗಲ್ಲಿ ಗಂಡಸರನ್ನ ಹೊರಗೆಳೆದು ಕೊಂದ್ರು, ದಿಲ್ಲಿ ಕಾಲೇಜಿನ ಪಾರ್ಸಿ ಮೇಷ್ಟ್ರು ಇಮಾಂ ಬಖ್ಶ್ ಸಹಬಾಯಿ ಸತ್ತಿದ್ದೂ ಆಗ್ಲೇ. ಅಬ್ದುಲ್ ಖಾದಿರ್ ಇದ್ದ ಅಕ್ಬರಾಬಾದಿ ಮಸೀದಿನೂ ಕೆಡವಿದ್ರು.

ಶಿವಾಜಿನಗರ_ಚಾಯ್:
ಸಮಾಧಿ ಇದೆ, ನಾನು ಹೋಗಿದ್ದೆ. ದಿಲ್ಲಿ ಗೇಟ್ ಹತ್ರ, ಮೌಲಾನಾ ಆಜಾದ್ ಮೆಡಿಕಲ್ ಕಾಲೇಜ್ ಹಿಂದುಗಡೆ ಮೆಹಂದಿಯಾಂ ಅಂತ ಖಬ್ರಸ್ತಾನ. ನಮ್ಮ ಅತ್ತೆಗೆ ಆಸ್ಪತ್ರೇಲಿ ಆಪರೇಷನ್, ಹೊರಗೆ ಕಾಯ್ತಾ ಕಾಯ್ತಾ ಸಂಕಟ ಆಗಿ ನಡೀತಾ ಹೋದೆ. ಅಪ್ಪ ಮಕ್ಕಳು ಸಾಲಾಗಿ ಮಲಗಿದ್ದಾರೆ. ಕವಿ ಮೋಮಿನ್ ಗೋರಿನೂ ಹತ್ರದಲ್ಲೇ. ಚಾದರ್ ಇಲ್ಲ, ಅಂಗಡಿ ಇಲ್ಲ, ಒಬ್ಬ ಹುಡುಗ ಕೂತು ಕಿತಾಬು ಬಾಯಿಪಾಠ ಮಾಡ್ತಿದ್ದ. ಅತ್ತೆ ಈಗ ಚೆನ್ನಾಗಿದ್ದಾರೆ.

ತೆಂಕಣಗಾಳಿ:
ಸನದು ಅಂದ್ರೆ ಬರೀ ಹೆಸರಿನ ಪಟ್ಟಿ ಅಲ್ಲ ಎನ್ನುವುದನ್ನು ಒಬ್ಬ ಉಸ್ತಾದರು ನನಗೆ ತೋರಿಸಿದ್ದರು. ಕೆಲವು ಹದೀಸಿಗೆ ಮುಸಲ್ಸಲ್ ಅಂತ ಹೇಳ್ತಾರೆ, ಮಾತಿನ ಜೊತೆಗೆ ಒಂದು ರೀತಿಯೂ ಕೈಯಿಂದ ಕೈಗೆ ಬರುವುದು. ಒಂದರಲ್ಲಿ ಗುರು ಶಿಷ್ಯನ ಕೈ ಹಿಡಿಯಬೇಕು. ಎಲ್ಲಕ್ಕಿಂತ ಪ್ರಸಿದ್ಧ ಅವ್ವಲಿಯ್ಯಾ ಅಂತ, ಗುರುವಿನಿಂದ ಶಿಷ್ಯ ಮೊಟ್ಟಮೊದಲು ಕೇಳುವ ಹದೀಸ್ ಅದೇ ಆಗಿರಬೇಕು. 'ಅರ್ರಾಹಿಮೂನ್' ಅಂತ ಶುರುವಾಗುವುದು: ಕರುಣೆ ಇರುವವರ ಮೇಲೆ ಕರುಣಾಮಯನು ಕರುಣೆ ತೋರುತ್ತಾನೆ, ಭೂಮಿಯ ಮೇಲಿರುವವರಿಗೆ ಕರುಣೆ ತೋರಿ, ಆಕಾಶದಲ್ಲಿರುವವನು ನಿಮಗೆ ತೋರುವನು, ಅಂತ. ಕೊಡುವಾಗ ಪ್ರತಿಯೊಬ್ಬರೂ "ಇದು ನಾನು ಅವರಿಂದ ಕೇಳಿದ ಮೊದಲನೇ ಹದೀಸ್" ಅಂತ ಹೇಳಿಯೇ ಕೊಡ್ತಾರೆ.

ಕಾಗದಹುಳು:
ಒಳ್ಳೇದು ನೆನಪು ಮಾಡಿದ್ರಿ. ವಲಿಯುಲ್ಲಾ ಈ ಮುಸಲ್ಸಲ್ ಹದೀಸುಗಳನ್ನೇ ಸೇರ್ಸಿ ಒಂದು ಚಿಕ್ಕ ಪುಸ್ತಕ ಮಾಡಿದ್ದಾರೆ, ಇದು ಅದರಲ್ಲಿದೆ.

ಹಾವೇರಿ_ಏಲಕ್ಕಿ:
ಮೂರು ದಿನ ಬರಾಕ ಆಗಲಿಲ್ಲ, ಮಾಫ್ ಮಾಡ್ರಿ. ಕಾಗದ ತಗೊಂಡು ನಮ್ಮ ಅತ್ತಿ ಊರಿಗೆ ಹೋಗಿದ್ದೆ. ಅತ್ತಿ ಅಂದ್ರ ಅಜ್ಜನ ಹಿರೇ ಮಗಳು, ಎಪ್ಪತ್ತೆಂಟು ವಯಸ್ಸು, ಶಾಲಿ ಕಟ್ಟಿ ಹತ್ತಿಲ್ಲ. ಮಗಳ ಮಗನ ವಿಷಯ ಓದಿದಾಗಿಂದ ತಲ್ಯಾಗ ಕೊರೀತಿತ್ತು, ಅಜ್ಜ ಮನ್ಯಾಗ ಯಾರಿಗೂ ಕಲಸಲಿಲ್ಲೇನು ಅಂತ.

ಕೇಳಿದೆ. ಅತ್ತಿ ಅಂದ್ಲು, ನಸುಕಿನ್ಯಾಗ ಎಮ್ಮಿ ಹಿಂಡಿ ಬಂದ್ಮ್ಯಾಲೆ ಅಬ್ಬಾ ನನ್ನ ಕೂಡಿಸ್ಕೊಂಡು ಮಿಶ್ಕಾತ್ ಅನ್ನೋ ಹದೀಸ್ ಕಿತಾಬು ಹೇಳತಿದ್ರು, ನಿಮ್ಮಪ್ಪಗ ನಿಮ್ಮ ಕಾಕಾಗ ಓದಾಕ ಮನಸಿರಲಿಲ್ಲ, ಆಟಕ್ಕ ಓಡತಿದ್ರು, ನಾ ಒಬ್ಬಾಕಿನ ಕೂಡ್ತಿದ್ದೆ. ಮದುವಿ ಆಗಾತನ ಓದೀನಿ, ಅರ್ಧಕ್ಕ ನಿಂತು. ನಾ ಅಂದೆ ಅತ್ತಿ ಏನಾರ ನೆನಪೈತೇನು. ತಲಿ ಮ್ಯಾಲೆ ಸೆರಗು ಎಳಕೊಂಡು ಕಣ್ಣು ಮುಚ್ಚಿ ಅರಬ್ಬಿಯೊಳಗ ಒಂದು ಹದೀಸ್ ಹೇಳಿದ್ಲು. ಆಮೇಲೆ ದಖನಿಯೊಳಗ ಅರ್ಥ ಹೇಳಿದ್ಲು, ರಹಂ ಮಾಡೋರ ಮ್ಯಾಲೆ ರಹಮಾನ್ ರಹಂ ಮಾಡ್ತಾನ, ಜಮೀನ್ ಮ್ಯಾಲಿನವರಿಗೆ ರಹಂ ಮಾಡ್ರಿ, ಆಸಮಾನ್ ಮ್ಯಾಲಿನವ ನಿಮಗ ಮಾಡ್ತಾನ. ಅವತ್ತಿನ್ನೂ ತೆಂಕಣಗಾಳಿ ಬರ್ದದ್ದು ನಾ ಓದಿದ್ದಿಲ್ಲ. ಬಸ್‌ನಾಗ ವಾಪಸ್ ಬರೋವಾಗ ಓದಿದೆ.

ಅತ್ತಿ ಹದೀಸ್ ಹೇಳಿ ಕಡೀಕ ಅಂದ ಮಾತು, "ಅಬ್ಬಾ ನನಗ ಮೊಟ್ಟಮೊದಲು ಕಲಿಸಿದ್ದು ಇದನ್ನ."

ತೆಂಕಣಗಾಳಿ:
ಯಾ ಅಲ್ಲಾಹ್.

ನೀವು ಈಗ ಅದನ್ನು ಅವರಿಂದ ಕೇಳಿದ್ದೀರಿ. ಅವರಿಂದ ನೀವು ಕೇಳಿದ ಮೊದಲನೇ ಹದೀಸೂ ಅದೇ ಅಲ್ವಾ?

ಹಾವೇರಿ_ಏಲಕ್ಕಿ:
ಹೌದ್ರಿ. ಅದಕ್ಕ ಬಸ್‌ನಾಗ ಅಳಾಕ ಬಂತು.

ಕಲ್ಬುರ್ಗಿ_ತೊಗರಿ:
ನಿಮ್ ಕಾಕಾಗ ಇದನ್ನ ಹೇಳ್ರಿ ಮೊದಲು. ಬೀಗರ ಮುಂದ ಅತ್ತಿ ಹೆಸರು ಹೇಳ್ಲಿ.

ಕಾಗದಹುಳು:
ದಯವಿಟ್ಟು ಅವರು ಹೇಳೋದನ್ನ ರೆಕಾರ್ಡ್ ಮಾಡ್ಕೊಳ್ಳಿ, ಅರ್ಧಕ್ಕೆ ನಿಂತದ್ದು ಎಲ್ಲಿವರೆಗೂ ನೆನಪಿದೆಯೋ ಅಲ್ಲಿವರೆಗೂ. ಒಂದೇ ಸಲ ಕೂರಿಸ್ಬೇಡಿ, ದಿನಕ್ಕೆ ಸ್ವಲ್ಪ ಸ್ವಲ್ಪ. ಸನದು ಕಾಗದಕ್ಕೆ ಆಸಿಡ್ ಇಲ್ಲದ ಫೋಲ್ಡರ್ ಸಿಗುತ್ತೆ, ಮಡಚದೆ ಹಾಸಿ ಇಡಿ, ಬಿಸಿಲು ಬೀಳದ ಕಡೆ.

ತಂಬೂರಿ:
ಮೊಬೈಲ್ ಸಾಕು, ಫ್ಯಾನ್ ಆಫ್ ಮಾಡಿ ಬಾಯಿಂದ ಒಂದು ಗೇಣು ದೂರ ಇಡಿ. ಅವರು ಎಮ್ಮೆ ವಿಷಯ ಮಾತಾಡಿದ್ರೂ ನಿಲ್ಲಿಸ್ಬೇಡಿ, ಅದನ್ನೂ ರೆಕಾರ್ಡ್ ಆಗೋಕೆ ಬಿಡಿ.

ಹಾವೇರಿ_ಏಲಕ್ಕಿ:
ಶುಕ್ರವಾರ ಮತ್ತ ಹೊಂಟೇನಿ. ನನ್ನ ಮಗಳನ್ನೂ ಕರ್ಕೊಂಡ ಹೋಗ್ತೇನಿ, ಒಂಬತ್ತು ವರ್ಷದಾಕಿ. ಅತ್ತಿನ ಹೇಳ್ಯಾಳ, ಆ ಹುಡುಗೀನ ಕರ್ಕೊಂಡು ಬಾ, ಬ್ಯಾರೇ ಏನೂ ಹೇಳಬ್ಯಾಡ ಅದಕ, ಮೊದಲು 'ಅರ್ರಾಹಿಮೂನ್' ನಾನ ಹೇಳ್ತೇನಿ ಅಂತ.